ಮುಳ್ಳಿಗೆ ಕಿವಿಯಿಲ್ಲ, ಮೂರನೇ ಕುರ್ಚಿಗಿದೆ

ಅತ್ತೆಗೊಂದು ಸ್ಟೇಷನ್, ಸೊಸೆಗೊಂದು ಸ್ಟೇಷನ್ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ಕಾಲದ ಮಾತು, ಸ್ಟೇಷನ್ನಿನ ಮಾತಲ್ಲ ಎಂದು ತಕರಾರು ತೆಗೆಯುವವರು ಸ್ವಲ್ಪ ತಾಳಬೇಕು. ತಾಳಿದವನು ಬಾಳಿಯಾನು, ತಾಳದವನು ಕಂಡ ಕಂಡ ತಿರುಪು ಬಿಗಿದಾನು, ಅಂಥವನೊಬ್ಬನೂ ಮುಂದೆ ಬರುತ್ತಾನೆ. ಇದು ನಡೆದ ಸಂಗತಿ. ಸಾಕ್ಷಿಗೆ ಒಂದು ಮೀಟರಿನ ಮುಳ್ಳಿದೆ. ಮುಳ್ಳಿಗೂ ಸುಳ್ಳಿಗೂ ಪ್ರಾಸದ ನಂಟು ಬಿಟ್ಟರೆ ಬೇರೆ ನಂಟಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯಲ್ಲಿ, ಗೋಡೆಗೆ ಒತ್ತರಿಸಿದ ಮೇಜಿನ ಮುಂದೆ, ಅರವತ್ತು ದಾಟಿದ ಹೆಂಗಸೊಬ್ಬರು ಎಡಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು ಕೂತಿದ್ದಾರೆ. ಏನನ್ನೋ ಕದ್ದು ಬಚ್ಚಿಟ್ಟವರ ಹಾಗೆ. ಕದ್ದಿರುವುದೂ ಉಂಟು, ಅದು ಆಮೇಲೆ. ಸದ್ಯಕ್ಕೆ ಕೈ ಹಿಂದಿರುವುದು ಜೀವದ ಆಸೆಗೆ. ಎದುರಿಗೆ ಬೆನ್ನು ಬಿಚ್ಚಿಕೊಂಡು ಕೂತಿರುವುದು ಹಳೆಯ ವಾಲ್ವ್ ರೇಡಿಯೊ. ಒಳಗೆ ಹರಿಯುವ ಕರೆಂಟು ಎರಡೂ ಕೈಗೆ ಸಿಕ್ಕರೆ ಎದೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. "ಒಂದು ಕೈ ಕೆಲಸಕ್ಕೆ, ಒಂದು ಕೈ ಮನೆಯೋರಿಗೆ" ಎನ್ನುತ್ತಾರೆ ಅವರು. ಬೀದಿಯವರ ಬಾಯಲ್ಲಿ ಅವರು 'ರೇಡಿಯೊ ಅತ್ತೆ'. ಅಂಚೆಯವನಿಗೂ ಅತ್ತೆ, ಅಂಗಡಿಯವನಿಗೂ ಅತ್ತೆ. ನಿಜವಾಗಿ ಅತ್ತೆ ಎನ್ನುವ ಹಕ್ಕಿರುವ ಸೊಸೆ ಒಬ್ಬಳೇ, ಅವಳು ಗೋಡೆಯಾಚೆ ಅಡುಗೆಮನೆಯಲ್ಲಿದ್ದಾಳೆ.

ಇಷ್ಟು ಬೇಗ ಏಕೆ ಎಂದರೆ ಬೀದಿ ಎದ್ದ ಮೇಲೆ ರೇಡಿಯೊಗೆ ತಲೆನೋವು. ಪಕ್ಕದ ಮನೆಯ ಮಿಕ್ಸಿ, ಎದುರು ಮನೆಯ ನೀರಿನ ಮೋಟಾರು, ಮೇಲ್ಮನೆಯ ಹೊಸ ಬಲ್ಬುಗಳು, ಎಲ್ಲವೂ ಗಾಳಿಯಲ್ಲಿ ಗೊರಗೊರ ಸದ್ದು ಚೆಲ್ಲುತ್ತವೆ. "ಊರು ಮಲಗಿದ್ದಾಗ ರೇಡಿಯೊ ಎದ್ದಿರುತ್ತೆ. ಊರು ಎದ್ರೆ ಇದಕ್ಕೆ ಮಂಪರು" ಎಂದು ಅತ್ತೆ ಬಲಗೈಯಲ್ಲಿ ಒಂದು ಹೆಣಿಗೆ ಕಡ್ಡಿ ಎತ್ತಿಕೊಳ್ಳುತ್ತಾರೆ. ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿ. ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದಾರೆ. ಇದೇ ಅವರ ಸ್ಕ್ರೂಡ್ರೈವರ್. ಕಬ್ಬಿಣದ್ದಾದರೆ ತಿರುಪಿನ ಹತ್ತಿರ ಹೋದರೇ ಸಾಕು, ಒಳಗಿನ ಶ್ರುತಿ ಕೆಡುತ್ತದೆ. ನೆಂಟರು ಬಾಗಿಲಿಗೆ ಬಂದ ಕೂಡಲೇ ಗಂಡ ಹೆಂಡಿರ ದನಿ ಬದಲಾಗುವುದಿಲ್ಲವೇ, ಹಾಗೆ.

ಮೇಜಿನ ಮೇಲೆ ಹೇಳಿಕೊಳ್ಳುವಂಥ ಸಲಕರಣೆಯೇನಿಲ್ಲ. ಒಂದು ಮುಳ್ಳಿನ ಮೀಟರ್, ಅದರ ಗಾಜಿಗೆ ಮೂಲೆಯಲ್ಲಿ ಬಿರುಕು. ಒಂದು ಹಳೆಯ ಸಿಗ್ನಲ್ ಜನರೇಟರ್. ಮನೆಯವರ ಬಾಯಲ್ಲಿ ಅದು 'ಕೂಗುಪೆಟ್ಟಿಗೆ'. ಬೇಕಾದ ಅಂಕಿಗೆ ಗುಂಡಿ ತಿರುಗಿಸಿದರೆ ಅದು ಒಂದು ಪುಟ್ಟ ಸುಳ್ಳು ಸ್ಟೇಷನ್ನಿನ ಹಾಗೆ 'ಕೂ' ಎಂದು ಒಂದೇ ಸಮನೆ ಕೂಗುತ್ತದೆ. ಆ ಕೂಗು ರೇಡಿಯೊದಲ್ಲಿ ಎಷ್ಟು ಜೋರಾಗಿ ಕೇಳುತ್ತದೆ ಎನ್ನುವುದನ್ನು ಸ್ಪೀಕರಿಗೆ ಕಟ್ಟಿದ ಮೀಟರಿನ ಮುಳ್ಳು ತೋರಿಸುತ್ತದೆ. ಕೂಗು, ಮುಳ್ಳು, ಕಡ್ಡಿ. ನಾಲ್ಕನೆಯ ಸಲಕರಣೆ ಅತ್ತೆಯ ಕಿವಿ. ಅದರ ಮೇಲೇ ಈಗ ಅವರಿಗೆ ಗುಮಾನಿ.

ಈ ಕಿವಿ ತಯಾರಾದದ್ದು ಕಾರ್ಖಾನೆಯಲ್ಲಿ. ಹುಡುಗಿಯಾಗಿದ್ದಾಗ ಅತ್ತೆ ಒಂದು ರೇಡಿಯೊ ಕಾರ್ಖಾನೆಯ ಶ್ರುತಿ ವಿಭಾಗದಲ್ಲಿದ್ದರು. ಉದ್ದನೆಯ ಕೋಣೆ, ಸಾಲು ಸಾಲು ಮೇಜು, ಮೇಜಿಗೊಬ್ಬಳು ಹೆಂಗಸು. ಗಂಡಸರ ಬೆರಳು ದಪ್ಪ, ತಿರುಪು ಸಣ್ಣದು ಎನ್ನುವುದು ಕಾರ್ಖಾನೆಯವರ ಲೆಕ್ಕ. ದಿನಕ್ಕೆ ಅರವತ್ತು ಎಪ್ಪತ್ತು ಸೆಟ್ಟು ಅವರ ಮುಂದೆ ಬಂದು ಮೂಕವಾಗಿ ನಿಲ್ಲುತ್ತಿದ್ದವು, ಮಾತಾಡುತ್ತ ಮುಂದಕ್ಕೆ ಹೋಗುತ್ತಿದ್ದವು. ಎಲ್ಲರೂ ಮುಳ್ಳು ನೋಡಿ ತಿರುಗಿಸಿದರೆ ಅತ್ತೆ ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ಆಮೇಲೆ ಮುಳ್ಳು ನೋಡಿದರೆ ಅದು ಅಲ್ಲಿಗೇ ಬಂದು ನಿಂತಿರುತ್ತಿತ್ತು. ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಕುರ್ಚಿಯ ಸಂಖ್ಯೆಯೇ ಹೆಸರು. ಅತ್ತೆ 'ಮೂರನೇ ಕುರ್ಚಿ'. ಹಾಗೆ ಕೂಗುತ್ತಿದ್ದವರು ಮೇಲ್ವಿಚಾರಣೆಯ ದೊಡ್ಡಮೇಡಂ. ಮೂಗಿನಲ್ಲೇ ಮಾತು, ಮಾತಿನ ಕೊನೆಗೊಂದು 'ಹ್ಞಾಂ'. ಇಬ್ಬರು ಪಿಸುಗುಟ್ಟಿದರೆ ಕೋಣೆಯ ಆ ತುದಿಯಿಂದ ಬರುತ್ತಿತ್ತು: "ಮೂರನೇ ಕುರ್ಚಿ, ಕೈ ಓಡ್ಲಿ, ಬಾಯಿ ಕೂತ್ಕೊಳ್ಳಿ, ಹ್ಞಾಂ."

ಕಾರ್ಖಾನೆ ಮುಚ್ಚಿತು. ದೊಡ್ಡಮೇಡಂ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೆ ಈ ಮನೆಯಲ್ಲಿ ಅವರು ರಾತ್ರಿ ಊಟಕ್ಕೆ ಆಗಾಗ ಬರುತ್ತಾರೆ. ಅತ್ತೆ ಮೂಗು ಹಿಡಿದುಕೊಂಡು "ಹ್ಞಾಂ" ಎಂದರೆ ತಟ್ಟೆಯ ಮುಂದೆ ನಗು. ಮುಚ್ಚಿದ ಮೇಲೆ ಅತ್ತೆ ಮೂರು ಮನೆ ಬದಲಿಸಿದರು, ಇನ್ಯಾರದೋ ಬಟ್ಟೆ ಹೊಲಿದರು, ಮಗನನ್ನು ಬೆಳೆಸಿದರು. ಕೆಟ್ಟ ರೇಡಿಯೊ ಕಂಡರೆ ಮಾತ್ರ ಕೈ ಸುಮ್ಮನಿರಲಿಲ್ಲ. ಹೀಗೆ ಒಂದೊಂದಾಗಿ ಬಂದು, ಈಗ ತಿಂಗಳಿಗೆ ಎರಡೋ ಮೂರೋ ಹಳೆಯ ಪೆಟ್ಟಿಗೆಗಳು ಈ ಮೇಜಿನ ಮೇಲೆ ಬಾಯಿ ಬಿಡುತ್ತವೆ. "ನಾನು ಮುಟ್ಟಿದ ಸೆಟ್ಟು ಎಲ್ಲೆಲ್ಲಿ ಮಾತಾಡ್ತಿವೆಯೋ ಯಾರಿಗೆ ಗೊತ್ತು. ಒಂದರ ಮೇಲೂ ನನ್ನ ಹೆಸರಿಲ್ಲ. ಹೆಸರೇನು, ಕುರ್ಚಿ ನಂಬರೂ ಇಲ್ಲ" ಎನ್ನುವಾಗ ಅವರ ದನಿಯಲ್ಲಿ ದೂರಿಲ್ಲ. ತಮಾಷೆ ಇದೆ.

ಈ ಸಲದ ರೇಡಿಯೊ ಹಲ್ಲಿನ ಡಾಕ್ಟರದು. ಒಳಗೆ ಡ್ರಿಲ್ ಗುಯ್ಯೆಂದರೆ ಹೊರಗೆ ಕಾಯುವವರು ಚಪ್ಪಲಿ ಹುಡುಕುತ್ತಾರಂತೆ. ಒಂದು ಹಾಡು ಬರುತ್ತಿದ್ದರೆ ನಿಲ್ಲುತ್ತಾರೆ ಎಂದು ಅವರ ಆಸೆ. "ಹಲ್ಲು ಕೀಳೋರಿಗೂ ಹಾಡು ಬೇಕಾಯ್ತು ನೋಡಿ" ಎಂದು ಅತ್ತೆ ಒಪ್ಪಿಕೊಂಡರು. ಕೆಟ್ಟ ಕಂಡೆನ್ಸರುಗಳನ್ನು ಬದಲಿಸಿದರು, ಹರಿದ ಸ್ಪೀಕರಿಗೆ ತೆಳ್ಳನೆ ಕಾಗದ ಅಂಟಿಸಿದರು, ದಾರ ಜಾರುತ್ತಿದ್ದ ಡಯಲಿಗೆ ಹೊಸ ದಾರ ಸುತ್ತಿದರು. ರೇಡಿಯೊ ಹಾಡಿತು. ಶ್ರುತಿಯ ತಿರುಪುಗಳ ಮೇಲೆ ಅದನ್ನು ತಯಾರಿಸಿದವರು ಹಚ್ಚಿದ ಕೆಂಪು ಬಣ್ಣದ ಮುದ್ರೆ ಹಾಗೇ ಇತ್ತು. ಅವುಗಳನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ. ಅತ್ತೆ ಒಳಗೊಳಗೇ ಉಸಿರು ಬಿಟ್ಟರು.

ಉಸಿರು ಬಿಟ್ಟದ್ದಕ್ಕೆ ಕಾರಣವಿತ್ತು. ಎರಡು ತಿಂಗಳಿಂದ ಎಡಗಿವಿಯಲ್ಲಿ ಹತ್ತಿ ತುರುಕಿದ ಹಾಗೆ. ಹಿಂದಿನ ಸಲ ಕಿವಿ ನಂಬಿ ಶ್ರುತಿ ಮಾಡಿದ ಒಂದು ಸೆಟ್ಟು ವಾಪಸು ಬಂದಿತ್ತು, ಒಂದು ಸ್ಟೇಷನ್ನಿನ ಮಡಿಲಲ್ಲಿ ಇನ್ನೊಂದು ಕೂತಿದೆ ಎಂಬ ದೂರಿನೊಡನೆ. ಅತ್ತೆ ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲೇ ಒಂದು ಷರತ್ತು ಹಾಕಿಕೊಂಡರು: ಇನ್ನೊಂದು ಸಲ ಶ್ರುತಿ ಮಾಡುವ ಸಂದರ್ಭ ಬಂದು, ಕಿವಿ ಕೈಕೊಟ್ಟರೆ, ಕಡ್ಡಿ ಕೆಳಗಿಡುವುದು. ಮೇಜನ್ನು ಮಾವನ, ಅಂದರೆ ತಮ್ಮ ಗಂಡನ, ಪೇಪರುಗಳಿಗೆ ಬಿಟ್ಟುಕೊಡುವುದು.

ಆ ಸಂದರ್ಭವನ್ನು ತಂದವನು ಬಡಗಿ. ಪಾಲಿಶ್ ಮಾಡಲು ಪೆಟ್ಟಿಗೆ ಕೊಟ್ಟಾಗ, ಗುಂಡಿಗಳ ತೂತಿಗೆ ಅಳತೆ ಬೇಕೆಂದು ಒಳಗಿನ ಸಾಮಾನನ್ನೂ ಜೊತೆಗೆ ಕಳಿಸಿದ್ದರು. ಒಳ್ಳೆಯ ಮನುಷ್ಯ, ಅಷ್ಟೇ ತೊಂದರೆ.

"ಅಮ್ಮಾ, ಪೆಟ್ಟಿಗೆ ಕನ್ನಡಿ ಆಗಿದೆ, ಮುಖ ನೋಡ್ಕೊಳ್ಳಿ. ಒಳಗೂ ಒಂದಷ್ಟು ತಿರುಪು ಸಡಿಲಾಗಿದ್ವು. ಯಾರೋ ಅರೆಬರೆ ತಿರುಗ್ಸಿ ಹಾಗೇ ಬಿಟ್ಟಿದ್ರು. ಎಲ್ಲಾ ಗಟ್ಟಿಯಾಗಿ ಬಿಗಿದಿದ್ದೀನಿ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ. ಮೇಲೆ ಅದೇನೋ ಕೆಂಪು ಬಣ್ಣ ಅಂಟಿತ್ತು, ಅದನ್ನೂ ಕೆರೆದು ಚೊಕ್ಕ ಮಾಡ್ದೆ."

"ಯಾರೂ ಮುಟ್ಟಬಾರದು ಅಂತಲೇ ಆ ಬಣ್ಣ ಹಾಕೋದು ಕಣಪ್ಪಾ."

"ಬಿಡಿ ಅಮ್ಮಾ, ಇದಕ್ಕೆಲ್ಲ ಬೇರೆ ಕಾಸು ಬೇಡ."

ಮನೆಗೆ ಬಂದ ರೇಡಿಯೊ ಕನ್ನಡಿಯ ಹಾಗೆ ಹೊಳೆಯಿತು, ಕಲ್ಲಿನ ಹಾಗೆ ಮೂಕವಾಗಿತ್ತು. ತಿರುಪು ಬಿಗಿಯಾದರೆ ಕುರ್ಚಿಗೆ ಒಳ್ಳೆಯದು. ರೇಡಿಯೊದ ಆ ತಿರುಪುಗಳು ಅರ್ಧಕ್ಕೆ ನಿಂತಿರುವುದೇ ಸರಿ. ಯಾವ ಸ್ಟೇಷನ್ ಬಂದರೂ ರೇಡಿಯೊ ಅದನ್ನು ಮೊದಲು ತನ್ನದೇ ಒಂದು ಒಳಶ್ರುತಿಗೆ ಇಳಿಸಿಕೊಳ್ಳುತ್ತದೆ. ಈ ಸೆಟ್ಟಿಗೆ ಅದು 455 ಕಿಲೋಹರ್ಟ್ಜ್. ಒಳಗಿನ ಪುಟ್ಟ ಡಬ್ಬಿಗಳೆಲ್ಲ ಆ ಒಂದೇ ಅಂಕಿಗೆ ತಲೆಯಾಡಿಸಬೇಕು. ಬಡಗಿಯ ದೆಸೆಯಿಂದ ಈಗ ಒಂದೊಂದು ಡಬ್ಬಿಯೂ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ಕೂತಿತ್ತು, ಪಾಲು ಕೇಳಲು ಸೇರಿದ ಅಣ್ಣತಮ್ಮಂದಿರ ಹಾಗೆ.

ಈಗ, ಈ ಬೆಳಗಿನ ಜಾವದಲ್ಲಿ, ಅತ್ತೆ ಅವರನ್ನು ರಾಜಿ ಮಾಡಿಸುತ್ತಿದ್ದಾರೆ. ಕೂಗುಪೆಟ್ಟಿಗೆಯನ್ನು 455ಕ್ಕೆ ಇಟ್ಟು, ಕೊನೆಯ ಡಬ್ಬಿಯಿಂದ ಹಿಂದಕ್ಕೆ ಬರುತ್ತಾರೆ. ಕಡ್ಡಿ ಕೂದಲೆಳೆಯಷ್ಟು ತಿರುಗುತ್ತದೆ. ಅತ್ತೆ ಅತ್ತ ತಿರುಗಿಸಿದರೆ ಮುಳ್ಳು ಇತ್ತ. ಇತ್ತ ತಿರುಗಿಸಿದರೆ ಮೇಲಕ್ಕೆ. ಮುಳ್ಳು ಏರಿದಂತೆಲ್ಲ ಕೂಗುಪೆಟ್ಟಿಗೆಯ ದನಿ ತಗ್ಗಿಸುತ್ತಾರೆ. "ಜೋರಾಗಿ ಕೂಗಿದ್ರೆ ಕಿವುಡನೂ ಹ್ಞೂಂ ಅಂತಾನೆ. ಪಿಸುಮಾತಿಗೆ ತಲೆಯಾಡ್ಸಿದ್ರೆ ಅದು ಶ್ರುತಿ." ಮುಳ್ಳು ಏರಿದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಏರಿದ ಹಾಗೆ ಅನ್ನಿಸುವುದಿಲ್ಲ. ಯಾರದು ಸರಿ? ಅತ್ತೆ ಕಣ್ಣು ಮುಚ್ಚುತ್ತಾರೆ, ತೆರೆಯುತ್ತಾರೆ, ಬಲಗಿವಿ ಕೊಡುತ್ತಾರೆ, ಎಡಗಿವಿ ಕೊಡುತ್ತಾರೆ. ಕೊನೆಗೆ ಮುಳ್ಳು ಹೇಳಿದ್ದಕ್ಕೇ ಒಪ್ಪಿ ಮೊದಲ ಹಂತ ಮುಗಿಸುತ್ತಾರೆ. ಒಪ್ಪಿದ್ದು ಸೋತವರ ಒಪ್ಪಿಗೆ.

ಪ್ರತಿ ತಿರುಪಿನ ತಲೆಗೂ ಒಂದು ತೊಟ್ಟು ಮುದ್ರೆ ಹಾಕಬೇಕು, ಇಲ್ಲದಿದ್ದರೆ ಅದುರಿ ಅದುರಿ ಜಾರುತ್ತದೆ. ಮುದ್ರೆಗೆ ಅತ್ತೆ ಬಳಸುವುದು ಉಗುರುಬಣ್ಣ. ಉಗುರುಬಣ್ಣ ಸೊಸೆಯದು. ಇದೇ ಆ ಕಳವು. ಕೆಂಪು ಮುಗಿದು ಗುಲಾಬಿಗೆ ಬಂದಿತ್ತು, ಗುಲಾಬಿ ಮುಗಿದು ಮೊನ್ನೆ ತಾನೇ ತಂದ ನೇರಳೆಗೆ.

"ಅತ್ತೆ, ನನ್ನ ನೇರಳೆ ಬಾಟ್ಲಿ ಕಂಡ್ರಾ?"

"ನೇರಳೆನಾ? ಅದು ಮರದಲ್ಲಿ ಬಿಡೋದಲ್ವೇನೆ."

"ಡಾಕ್ಟ್ರ ರೇಡಿಯೊ ಬಿಚ್ಚಿ ನೋಡಿದ್ರೆ ಒಳಗೆ ಮದುಮಗಳ ಹಾಗಿದೆ, ನನ್ನ ಕೈ ನೋಡಿದ್ರೆ ಬಡಗಿ ಕೈ ಹಾಗಿದೆ. ನಡೀಲಿ ನಡೀಲಿ, ನನಗೂ ಒಂದು ಕಾಲ ಬರುತ್ತೆ."

ಹೀಗೆ ಹೇಳಿದ ಸೊಸೆ ಸಾಮಾನ್ಯಳಲ್ಲ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವುದು ಅವಳ ಕೆಲಸ. ಹೊರಗೆ ಘನಗಂಭೀರ; ಮನೆಗೆ ಬಂದರೆ ಡ್ರೈವರ್, ಕಂಡಕ್ಟರ್, ಬಸ್ಸು ತಪ್ಪಿಸಿಕೊಂಡ ಮುದುಕ, ಕೊನೆಗೆ ಹಿಮ್ಮುಖವಾಗಿ ಚಲಿಸುವ ಬಸ್ಸು, ಎಲ್ಲರೂ ಎಲ್ಲವೂ ಅವಳ ಗಂಟಲಲ್ಲಿ. ಆ ವಾರ ಅವಳಿಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆಯೆಲ್ಲ ಬಿಡುವು.

ಅತ್ತೆ ಕೈತೊಳೆದು ಬಿಸಿಲಿಗೆ ನಿಂತು ಕಾಫಿ ಕುಡಿದು ಬಂದರು. ಎರಡನೆಯ ಹಂತ ಡಯಲಿನದು: 600 ಎಂದು ಬರೆದಿರುವಲ್ಲಿ 600 ಕೇಳಬೇಕು, 1400 ಎಂದಿರುವಲ್ಲಿ 1400. ಒಂದು ತುದಿ ಸರಿಮಾಡಿದರೆ ಇನ್ನೊಂದು ಜಾರುತ್ತದೆ. ಗಿಡ್ಡ ಕಂಬಳಿಯ ಹಾಗೆ ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ. ಅತ್ತ ಇತ್ತ ಓಡಾಡುತ್ತ ಕಂಬಳಿಯನ್ನು ಎಳೆದೆಳೆದು ಸರಿಹೊಂದಿಸಬೇಕು. ಅತ್ತೆ ಕೂಗುಪೆಟ್ಟಿಗೆಯನ್ನು 600ಕ್ಕೆ ತಂದು, ಕಡ್ಡಿ ಎತ್ತಿ, ಕಣ್ಣು ಮುಚ್ಚಿದರು. ರೇಡಿಯೊ 'ಕೂ' ಎಂದಿತು. ನಿಂತಿತು. ಮತ್ತೆ 'ಕೂ' ಎಂದಿತು.

ಅತ್ತೆ ಕಣ್ಣು ತೆರೆದರು. ಈ ಕೂಗುಪೆಟ್ಟಿಗೆ ಇಷ್ಟು ವರ್ಷದಲ್ಲಿ ಕೂಗುತ್ತ ಕೂಗುತ್ತ ನಿಂತದ್ದಿಲ್ಲ. ಈಗ ಉದ್ದಕ್ಕೆ ಕೂಗುತ್ತದೆ, ಕೊನೆಗೆ ಸ್ವಲ್ಪ ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ಹೊಸದಾಗಿ ಶುರು. ಉಸಿರು ತೆಗೆದುಕೊಂಡ ಹಾಗೆ. ಬೆಸುಗೆ ಬಿಟ್ಟಿರಬಹುದೆಂದು ಬಿಡಿಭಾಗಗಳ ಒಂದೊಂದು ಕಾಲನ್ನೂ ಕಡ್ಡಿಯಿಂದ ತಟ್ಟಿದರು. ವಾಲ್ವ್ ಸಡಿಲವೇ ಎಂದು ಅಲುಗಿಸಿದರು. ಎಲ್ಲ ಗಟ್ಟಿ, ಬಡಗಿ ಏನಾದರೂ ಸಡಿಲ ಬಿಟ್ಟಿದ್ದರಲ್ಲವೇ.

ಕಿಟಕಿಯ ಪಕ್ಕ ಮಾವ ಪೇಪರಿನ ಹಿಂದೆ ಕೂತಿದ್ದರು. ಮಾವ ನಿವೃತ್ತ ಗುಮಾಸ್ತರು, ದಿನಕ್ಕೆ ಹತ್ತು ಮಾತಿನ ಮನುಷ್ಯ.

"ರೀ, ಈ ಕೂಗು ನಿಂತು ನಿಂತು ಬರ್ತಿದ್ಯಾ?"

"ಇಲ್ವಲ್ಲ. ಒಂದೇ ಸಮ ಇದೆ."

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೂಗು ಒಂದೇ ಸಮ ಇದೆ, ಕಿವಿ ನಿಂತು ನಿಂತು ಕೇಳುತ್ತಿದೆ. ಹಾಗಾದರೆ ಹತ್ತಿ ಎರಡೂ ಕಡೆ ತುರುಕಿಕೊಂಡಿದೆ. ಆಗ ರೇಡಿಯೊ, ನೇರವಾಗಿ, ಮೂಗಿನಲ್ಲಿ ಹೇಳಿತು:

"ಮೂರನೇ ಕುರ್ಚಿ. ಕೈ ಓಡ್ಲಿ, ಬಾಯಿ ಕೂತ್ಕೊಳ್ಳಿ, ಹ್ಞಾಂ."

ಅತ್ತೆಯ ಕೈಯಿಂದ ಕಡ್ಡಿ ಜಾರಿತು. ಇಷ್ಟು ವರ್ಷದ ಮೇಲೂ ಬೆನ್ನು ತಾನಾಗಿ ನೆಟ್ಟಗಾಯಿತು. ಮೊದಲು ರೇಡಿಯೊದ ಹಿಂದೆ ನೋಡಿದರು, ಆಮೇಲೆ ತಮ್ಮ ಹಿಂದೆ. ಏರಿಯಲ್ ಕಿತ್ತರು. ಏರಿಯಲ್ ಇಲ್ಲದೆಯೂ ದೊಡ್ಡಮೇಡಂ ಬಂದರು: "ಬೆನ್ನು ತಿರುಗ್ಸಿದ್ರೆ ಸಾಕು, ಕಾಫಿ. ಹ್ಞಾಂ." ಅತ್ತೆ ರೇಡಿಯೊ ಆರಿಸಿದರು. ಮೌನ. ಮತ್ತೆ ಹಾಕಿದರು, ವಾಲ್ವುಗಳು ಕೆಂಪಗೆ ಬಿಸಿಯೇರುವ ತನಕ ಕಾದರು. ಸತ್ತವರು ವಾಪಸು ಬರುವುದಾದರೂ ವಾಲ್ವ್ ಬಿಸಿಯಾಗುವ ತನಕ ಕಾಯುತ್ತಾರೆಯೇ? ಕಾದರು. ಬಂದರು.

"ರೀ."

"ಹ್ಞೂಂ."

"ಏನಾದ್ರೂ ಕೇಳಿಸ್ತಾ ನಿಮಗೆ?"

"ಏನು?"

"ಮಾತು. ಯಾರದೋ ಮಾತು."

ಪೇಪರು ಒಂದು ಕ್ಷಣ ಅಲುಗಿತು. "ಎಂಥ ಮಾತೂ ಇಲ್ಲ. ನೀನೇ ಮಾತಾಡ್ತಾ ಇದ್ದೀಯ" ಎಂದರು ಮಾವ. ಅಲ್ಲಿಗೆ ಅವರ ಆ ದಿನದ ಹತ್ತು ಮಾತು ಮುಗಿದಿರಬೇಕು.

ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇಲ್ಲದ್ದು ಕೇಳುತ್ತಿದೆ, ಇದ್ದದ್ದು ಕೇಳುತ್ತಿಲ್ಲ. ಷರತ್ತು ಷರತ್ತೇ. ತಾವೇ ಹಾಕಿಕೊಂಡದ್ದು. "ಸಾಕು ಬಿಡಿ" ಎಂದು ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿಕೊಂಡರು, "ಡಾಕ್ಟ್ರಿಗೆ ಫೋನ್ ಮಾಡಿ ತಗೊಂಡು ಹೋಗಿ ಅಂತ ಹೇಳ್ತೀನಿ. ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಲಿ." ಕಡ್ಡಿಯನ್ನು ಒರೆಸಿ ಡಬ್ಬಿಯಲ್ಲಿಟ್ಟರು. ರೇಡಿಯೊದ ತಂತಿ ಬಿಡಿಸುವ ಮೊದಲು ಮೀಟರಿನ ತಂತಿ ಬಿಡಿಸಬೇಕು; ಕಾರ್ಖಾನೆಯ ಅಭ್ಯಾಸ. ಬಿಡಿಸಲೆಂದು ಕೈ ಚಾಚಿ, ಆ ದನಿ ಶುರುವಾದ ಮೇಲೆ ಮೊದಲ ಸಲ, ಅವರು ಮೀಟರನ್ನು ನೋಡಿದರು.

"ಮೂರನೇ ಕುರ್ಚಿ" ಎಂದಿತು ರೇಡಿಯೊ. ಮುಳ್ಳು ಮೂರು ಸಲ ಕುಣಿಯಿತು.

"ಕೈ ಓಡ್ಲಿ." ಮುಳ್ಳು ಓಡಿತು.

"ಬಾಯಿ ಕೂತ್ಕೊಳ್ಳಿ." ಮುಳ್ಳು ಕೂತಿತು.

"ಹ್ಞಾಂ" ಎನ್ನುವಾಗ ಒಂದು ಸಣ್ಣ ಜಿಗಿತ.

ಅತ್ತೆ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದರು. ಕಿವಿಗೆ ಭ್ರಮೆ ಬರಬಹುದು. ಮುಳ್ಳಿಗೆ ಕಿವಿಯಿಲ್ಲ. ದೊಡ್ಡಮೇಡಂ ಅದಕ್ಕೆ ಗೊತ್ತಿಲ್ಲ, ಕಾರ್ಖಾನೆ ಗೊತ್ತಿಲ್ಲ, ಸತ್ತವರ ಮೇಲೆ ಭಯಭಕ್ತಿಯಿಲ್ಲ. ತಂತಿಯಲ್ಲಿ ಏನಾದರೂ ಬಂದರೆ ಮಾತ್ರ ಅದು ಏಳುತ್ತದೆ. ದನಿ ತಲೆಯಲ್ಲಿಲ್ಲ, ತಂತಿಯಲ್ಲಿದೆ. ಅಂದರೆ ಕಿವಿ ಕೇಳಿದ್ದೆಲ್ಲ ಇತ್ತು. ಆ ಕೂಗು ಉಸಿರು ತೆಗೆದುಕೊಂಡದ್ದೂ ಸೇರಿ. ಕೂಗುಪೆಟ್ಟಿಗೆಯ ದನಿಯ ಗುಂಡಿಯನ್ನು ಮೆಲ್ಲಗೆ ತಗ್ಗಿಸಿದರು. ದೊಡ್ಡಮೇಡಂ ಕುಗ್ಗಿದರು. ಏರಿಸಿದರು. ದೊಡ್ಡಮೇಡಂ ಹಿಗ್ಗಿದರು. ಆಕಾಶದಿಂದ ಬರುವ ಸ್ಟೇಷನ್ ಹಾಗೆ ಗುಂಡಿಯ ಮಾತು ಕೇಳುವುದಿಲ್ಲ, ಪರಲೋಕದಿಂದ ಬರುವವರಂತೂ ಕೇಳಲಾರರು.

ಕೂಗುಪೆಟ್ಟಿಗೆಯ ಬೆನ್ನಿಗೆ ಎರಡು ತೂತುಗಳಿವೆ. ಅಲ್ಲಿ ಮೈಕಿನ ತಂತಿ ಸಿಕ್ಕಿಸಿದರೆ ಪೆಟ್ಟಿಗೆ ತನ್ನ ಕೂಗು ನಿಲ್ಲಿಸಿ, ಮೈಕಿನ ಮುಂದೆ ಇರುವವರ ದನಿಯನ್ನು ಹೊತ್ತುಕೊಂಡು ಬರುತ್ತದೆ. ವರ್ಷಗಳಿಂದ ಅತ್ತೆ ಅದನ್ನು ಬಳಸಿಲ್ಲ. ಈಗ ಬಗ್ಗಿ ನೋಡಿದರೆ ತೂತಿನಿಂದ ತೆಳ್ಳನೆಯ ಒಂದು ಬಿಳಿ ತಂತಿ ಹೊರಟು, ಮೇಜಿನ ಕೆಳಗೆ ಇಳಿದು, ಗೋಡೆಯಗುಂಟ ಹರಿದು, ಅಡುಗೆಮನೆಯ ಕಿಟಕಿ ಹತ್ತಿ ಆಚೆ ಹೋಗಿತ್ತು. ಆಚೆ ಯಾರಿದ್ದಾರೆ, ಅವರ ಉಗುರಿಗೆ ಯಾಕೆ ಬಣ್ಣವಿಲ್ಲ, ಎಲ್ಲ ಹೊಳೆಯಿತು. 'ಕೂ' ಎಂದು ಉಸಿರು ಕಟ್ಟಿ ಕೂಗಿದ್ದೂ ಯಂತ್ರವಲ್ಲ, ಯಂತ್ರದ ಮಿಮಿಕ್ರಿ.

ಅತ್ತೆ ತಂತಿ ಕೀಳಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಾರ್ಖಾನೆಯ ಹುಡುಗಿಯ ದನಿಯಲ್ಲಿ, ಬಲು ವಿನಯದಿಂದ ಹೇಳಿದರು: "ದೊಡ್ಡಮೇಡಂ, ಒಲೆ ಮೇಲೆ ಹಾಲು ಉಕ್ತಾ ಇದೆ."

"ಅಯ್ಯಯ್ಯೋ" ಎಂದಿತು ರೇಡಿಯೊ, ಸೊಸೆಯ ಸ್ವಂತ ದನಿಯಲ್ಲಿ. ಹಿಂದೆಯೇ ಮೈಕು ಕೆಳಗೆ ಬಿದ್ದ ಧಡ್ ಸದ್ದು, ಏನೋ ಪಾತ್ರೆ ಉರುಳಿದ್ದು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಸೊಸೆ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ಗೋಡೆಯ ಕಡೆ ತಿರುಗಿದ್ದಾರೆ, ಸೆರಗು ಬಾಯಿಗೆ ಒತ್ತಿದೆ, ಹೆಗಲು ಕುಲುಕುತ್ತಿದೆ. ಅತ್ತೆ ಅತ್ತರು ಎಂದುಕೊಂಡು ಅವಳ ಮುಖ ಸಣ್ಣಗಾಯಿತು.

"ಅತ್ತೆ, ತಪ್ಪಾಯ್ತು. ನೇರಳೆ ಬಾಟ್ಲಿ ಸಿಟ್ಟಿಗೆ, ನೀವು ಕಾಫಿಗೆ ಎದ್ದಾಗ ಮೈಕ್ ತಂತಿ ಸಿಕ್ಕಿಸ್ದೆ. ನೀವು ಫೋನ್ ಮಾಡ್ತೀನಿ ಅಂದಿದ್ದು ಸರಿಯಾಗಿ ಕೇಳಿಸ್ಲಿಲ್ಲ, ಕೇಳಿಸಿದ್ರೆ ಆಗಲೇ ನಿಲ್ಲಿಸ್ತಿದ್ದೆ. ಮಾವನೂ ಸೇರ್ಕೊಂಡಿದ್ರು."

"ನನ್ನನ್ನ ಎಳೀಬೇಡ" ಎಂದಿತು ಪೇಪರು.

ಅತ್ತೆ ತಿರುಗಿದರು. ಅಳುತ್ತಿರಲಿಲ್ಲ, ನಗುತ್ತಿದ್ದರು. ಕಣ್ಣೊರೆಸಿಕೊಂಡು ಹೇಳಿದರು: "ಎರಡು ತಿಂಗಳಿಂದ ಎಡಗಿವೀಲಿ ಹತ್ತಿ ತುರುಕಿದ ಹಾಗಿದೆ, ಕಿವಿ ಹೋಯ್ತು ಅಂದ್ಕೊಂಡಿದ್ದೆ ಕಣೆ. ಯಾರಿಗೂ ಹೇಳಿರ್ಲಿಲ್ಲ. ನೀನು 'ಕೂ' ಅಂತ ಉಸಿರು ತಗೊಂಡಿದ್ದು ನನಗೆ ಕೇಳಿಸ್ತಲ್ಲ, ಅಷ್ಟು ಸಣ್ಣದು ಕೇಳಿಸ್ತಲ್ಲ. ಕೇಳಿಸ್ಲಿಲ್ಲ ಅಂದೋರು ಇವರು, ನಾನಲ್ಲ." ಮಾವನ ಪೇಪರು ಇನ್ನೂ ಒಂದು ಗೇಣು ಮೇಲೇರಿತು.

ಸೊಸೆಯ ಕಣ್ಣು ತುಂಬಿತು. "ಎಡಗಿವಿಗೆ ನಾಳೆನೇ ಡಾಕ್ಟ್ರ ಹತ್ರ ಹೋಗೋಣ."

"ಹೋಗೋಣ. ಹಲ್ಲಿನ ಡಾಕ್ಟ್ರ ಹತ್ರ ಬೇಡ." ಅತ್ತೆ ಡಬ್ಬಿ ತೆರೆದು ಕಡ್ಡಿ ಮತ್ತೆ ಕೈಗೆ ತೆಗೆದುಕೊಂಡಿದ್ದರು. "ಈಗ ಹೋಗು, ಮೈಕ್ ಮುಂದೆ ಕೂತ್ಕೊ. ಬೈತಾ ಇರು, ನಿಲ್ಲಿಸ್ಬೇಡ. ಕೂಗಿಗಿಂತ ಬೈಗುಳದಲ್ಲಿ ಶ್ರುತಿ ಚೆನ್ನಾಗಿ ಸಿಗುತ್ತೆ."

ಅದು ತಮಾಷೆಯ ಮಾತಾದರೂ ಪೂರ್ತಿ ತಮಾಷೆಯಲ್ಲ. ಒಂದೇ ಸಮನೆಯ ಕೂಗು ಕಿವಿಯನ್ನು ದಣಿಸುತ್ತದೆ. ಮಾತಿನಲ್ಲಿ ಏರಿಳಿತವಿದೆ, 'ಸ'ಕಾರ 'ಹ'ಕಾರಗಳಿವೆ, ಶ್ರುತಿ ಒಂದು ಕೂದಲು ತಪ್ಪಿದರೂ ಅವು ಮಸುಕಾಗುತ್ತವೆ. ಸೊಸೆ ಅಡುಗೆಮನೆಯಿಂದ ದೊಡ್ಡಮೇಡಂ ಆಗಿ ಬೈದಳು. ಬೈಗುಳ ಮುಗಿದಾಗ ಬಸ್ಸುಗಳನ್ನು ಕರೆದಳು, ಬಸ್ಸುಗಳೆಲ್ಲ ಹೊರಟ ಮೇಲೆ ಬಡಗಿಯಾಗಿ "ಎಲ್ಲಾ ಗಟ್ಟಿಯಾಗಿ ಬಿಗಿದಿದ್ದೀನಿ ಅಮ್ಮಾ" ಎಂದಳು. ಅತ್ತೆ ಕಣ್ಣು ಮುಚ್ಚಿ 600ರಿಂದ 1400ಕ್ಕೆ, 1400ರಿಂದ 600ಕ್ಕೆ ಓಡಾಡಿದರು. ಪ್ರತಿ ಸಲ ಕಣ್ಣು ತೆರೆದಾಗ ಮುಳ್ಳು ಅವರು ನಿಲ್ಲಿಸಿದಲ್ಲೇ ನಿಂತಿತ್ತು. ಸಂದೇಹ ಎನ್ನುವುದೂ ಒಂದು ಮುಳ್ಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಹಿರಿಯರು ಹೇಳಿದ್ದನ್ನು ಈ ಒಂದು ಸಲ ತಿರುಚುವ ಅಗತ್ಯವಿಲ್ಲ.

ಕೊನೆಯ ತಿರುಪಿಗೆ ನೇರಳೆ ಬಣ್ಣದ ತೊಟ್ಟು ಬಿದ್ದಾಗ ಬೀದಿ ಎದ್ದಿತ್ತು. ಈ ಕೆಲಸದಿಂದ ನಿಮಗೇನು ಆಸೆ ಎಂದು ಕೇಳಿದ ಬೀದಿಯವರಿಗೆ ಅತ್ತೆಯ ಉತ್ತರ ಚಿಕ್ಕದು: "ಡಾಕ್ಟ್ರ ಕುರ್ಚೀಲಿ ಬಾಯಿ ತೆರೆದು ಕೂತೋರು ಹಾಡು ಕೇಳ್ತಾ ಒಂದು ಗಳಿಗೆ ನೋವು ಮರೆತ್ರೆ ಸಾಕು. ನಾನು ಯಾರು ಅಂತ ಅವರಿಗೆ ಯಾಕೆ. ಇವಳಿಗೊಂದು ಕೆಂಪು ಬಾಟ್ಲಿ ತಂದ್ಕೊಡ್ಬೇಕು. ಎರಡು ತರ್ತೀನಿ, ಒಂದು ನನಗೆ."

ಒಂದು ಪರೀಕ್ಷೆ ಉಳಿದಿತ್ತು. ದೊಡ್ಡ ದನಿ ಬಂದರೆ ಸ್ಪೀಕರಿಗೆ ಅಂಟಿಸಿದ ಕಾಗದ ಹರಿಯುತ್ತದೋ ತಡೆಯುತ್ತದೋ ನೋಡಬೇಕು. "ಯಾರಾದ್ರೂ ಜೋರಾಗಿ ನಗಿ" ಎಂದರು ಅತ್ತೆ. ಮೊದಲು ಮಾವನನ್ನು ಅಡುಗೆಮನೆಗೆ ಅಟ್ಟಿದರು. ಸುಳ್ಳು ಸಾಕ್ಷಿಗೆ ಅದೇ ದಂಡ. ಮಾವ ಮೈಕಿನ ಮುಂದೆ "ಹ್ಹೆ" ಎಂದರು, ಮುಳ್ಳು ಕಾಲುಭಾಗ ಎದ್ದು ಮಲಗಿತು. ಸೊಸೆ ನಕ್ಕಳು, ಮುಳ್ಳು ಅರ್ಧ ದಾಟಿತು. ಆಮೇಲೆ ಅತ್ತೆ ಸೊಸೆಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಳ್ಳಲು ಹೇಳಿ, ತಾವೇ ಒಳಗೆ ಹೋದರು. ಮೈಕು ಹಿಡಿದಾಗ ಅವರಿಗೆ ನೆನಪಾದದ್ದು ಒಲೆಯ ಮೇಲಿನ ಇಲ್ಲದ ಹಾಲೋ, ಬೆನ್ನು ನೆಟ್ಟಗಾದ ತಮ್ಮ ಭಯವೋ, ಕಾಫಿಗೆ ಬೈದ ದೊಡ್ಡಮೇಡಮ್ಮೋ. ನಗು ಕಿಟಕಿಯಿಂದಲೂ ಬಂತು, ರೇಡಿಯೊದಿಂದಲೂ ಬಂತು. ಕಾಗದ ತಡೆಯಿತು.

"ಮೂರನೇ ಕುರ್ಚಿ, ಎಷ್ಟಿದೆ?" ಎಂದು ಒಳಗಿನಿಂದ ಮೂಗಿನ ದನಿ ಕೇಳಿತು, ನಗುವಿನ ನಡುವೆ.

ಸೊಸೆ ಮೀಟರಿನ ಮೇಲೆ ಬಗ್ಗಿದಳು. ಮುಳ್ಳು ಅಂಕಿಗಳನ್ನೆಲ್ಲ ದಾಟಿ, ಬಿರುಕು ಬಿಟ್ಟ ಮೂಲೆಗೆ ಹೋಗಿ, ಮುಳ್ಳನ್ನು ತಡೆಯುವ ಕೊನೆಯ ಮೊಳೆಗೆ ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತಿತ್ತು.

"ಇದರಲ್ಲಿ ಅಷ್ಟು ಅಂಕಿ ಇಲ್ಲ ಮೇಡಂ" ಎಂದಳು.